ಅತ್ತಿಗೆಯ ಮೂರನೇ ವಾರ

ಇಂಥ ವಿಷಯ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಡಾಕ್ಟರಲ್ಲ, ಸಂಜೆ ತರಗತಿಯಲ್ಲಿ ಆರೋಗ್ಯದ ಪಾಠ ಓದಿ ಕಷ್ಟಪಟ್ಟು ಪಾಸಾದವಳು. ಅತ್ತಿಗೆಯೇ ಬರಿ ಎಂದಿದ್ದರಿಂದ ಧೈರ್ಯ ಮಾಡಿದ್ದೇನೆ.

ಅತ್ತಿಗೆಗೆ ಹೊಲಿಗೆ ಅಂಗಡಿ, ಅಣ್ಣ ಲಾರಿ ಡ್ರೈವರ್. ಮದುವೆಯಾಗಿ ಮೂರು ವರ್ಷವಾದರೂ ಮಗುವಾಗಿರಲಿಲ್ಲ. ಮುಟ್ಟಾದ ಹದಿನಾಲ್ಕನೇ ದಿನವೇ ಗರ್ಭ ನಿಲ್ಲುವುದೆಂದು ಅತ್ತಿಗೆಯ ತಂಗಿ ಖಡಾಖಂಡಿತವಾಗಿ ಹೇಳಿದ್ದಳು. ಆ ದಿನಕ್ಕೆ ಅಣ್ಣ ಎಲ್ಲಿದ್ದರೂ ಎದ್ದೂಬಿದ್ದೂ ಮನೆ ಸೇರುತ್ತಿದ್ದ. ಅಮ್ಮನಿಗೆ ಎದುರುಮನೆ ಅಜ್ಜಿಯ ಕಾಲುನೋವು ನೆನಪಾಗುತ್ತಿತ್ತು; ಕಾಲು ಒತ್ತುವ ನೆಪದಲ್ಲಿ ರಾತ್ರಿ ಅಲ್ಲೇ ಉಳಿಯುತ್ತಿದ್ದಳು. ನನ್ನ ಹಾಸಿಗೆಯೂ ಅಲ್ಲಿಗೇ ಹೋಗುತ್ತಿತ್ತು. ಬೆಳಗಾದರೆ ಅಣ್ಣ ಮತ್ತೆ ಲಾರಿಯಲ್ಲಿ. ಈಗ ಮಾಲೀಕರು ಇದೊಂದು ಸಲ ರಜೆ, ಆಮೇಲೆ ಆರು ತಿಂಗಳು ದೂರದ ದಾರಿ ಎಂದುಬಿಟ್ಟಿದ್ದರು.

ಆ ವಾರವೇ ತರಗತಿಯಲ್ಲಿ ಪಾಠ ಮಾಡುವ ನರ್ಸಮ್ಮ ಹೇಳಿದರು: ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡ ಹೊರಬರುತ್ತದೆ, ಆ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು. ಅತ್ತಿಗೆ ಮುಟ್ಟಾಗುವುದು ಐದು ವಾರಕ್ಕೊಮ್ಮೆ; ಹಾಗಾದರೆ ಅವರ ದಿನ ಹದಿನಾಲ್ಕಲ್ಲ, ಇಪ್ಪತ್ತೊಂದರ ಸುಮಾರು. ನರ್ಸಮ್ಮನನ್ನು ಬಾಗಿಲಲ್ಲಿ ತಡೆದು ಇನ್ನೊಮ್ಮೆ ಕೇಳಿದೆ, ಮತ್ತೂ ಒಮ್ಮೆ ಕೇಳಿದೆ.

ಅಂಗಡಿಯಲ್ಲಿ ಅತ್ತಿಗೆ ಕೋಟಿಗೆ ತೋಳು ಕೂಡಿಸುತ್ತಿದ್ದರು. ತಡವರಿಸುತ್ತಾ ಹೇಳಿದೆ.

“ನನ್ನ ತಂಗಿಗೆ ಎರಡು ಮಕ್ಕಳು. ನಿನಗಿನ್ನೂ ಮದುವೆನೇ ಆಗಿಲ್ಲ. ಯಾರ ಮಾತು ನಂಬ್ಲಿ?” ಎಂದರು.

“ನಿಮ್ಮ ಅಂಗೀನ ತಂಗಿ ಅಳತೆಗೆ ಕತ್ತರಿಸ್ತೀರಾ ಅತ್ತಿಗೆ?”

ಮಿಷನ್ ನಿಂತಿತು. ಅತ್ತಿಗೆ ದನಿ ತಗ್ಗಿಸಿ, ಮೂರನೇ ವಾರದಲ್ಲಿ ಮೊಟ್ಟೆಯ ಲೋಳೆಯಂತೆ ತಿಳಿಯಾಗಿ ಜಾರುವಂಥದ್ದು ಹೋಗುತ್ತದೆ, ಅದೇನು ಕಾಯಿಲೆಯೇ ಎಂದು ಕೇಳಿದರು. ಅದೇ ಗುರುತು, ಅಂಡ ಹೊರಡುವ ಹೊತ್ತು ಎಂದೆ.

“ಅಷ್ಟೊತ್ತಿಗೆ ನಿಮ್ಮಣ್ಣ ಗಡಿ ದಾಟಿರ್ತಾರಲ್ಲೇ,” ಎಂದು ಅತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ರಜೆ ಮೂರನೇ ವಾರದ ನಡುವಿಗೆ ಮುಂದೆ ಹೋಯಿತು. ಯಾಕಯ್ಯಾ ಎಂದು ಮಾಲೀಕರು ಕೇಳಿದಾಗ, ಸುಳ್ಳು ಹೇಳಲು ಬಾರದ ಅಣ್ಣ, ಅಳತೆ ತಪ್ಪಾಗಿತ್ತು ಸಾರ್ ಎಂದನಂತೆ. ಈ ಸಲ ನಾಲ್ಕು ದಿನ ಉಳಿದ. ನಾಲ್ಕನೇ ದಿನ ಎದುರುಮನೆ ಅಜ್ಜಿ, ತನ್ನ ಕಾಲು ಸರಿಯಾಗಿಯೇ ಇದೆ, ಇನ್ನಾದರೂ ಬಿಟ್ಟುಬಿಡಿ ಎಂದು ಅಮ್ಮನಿಗೆ ಕೈ ಮುಗಿದರು.

ಅತ್ತಿಗೆಗೆ ಈಗ ನಾಲ್ಕು ತಿಂಗಳು. ತಮ್ಮ ಅಂಗಿಗಳನ್ನೆಲ್ಲ ಬಿಚ್ಚಿ ಅಗಲ ಮಾಡಿಕೊಳ್ಳುತ್ತಿದ್ದಾರೆ. ಲೆಕ್ಕ ಸರಿಯಾದದ್ದರಿಂದ ನಿಂತಿತೋ, ಅಣ್ಣ ಅವಸರವಿಲ್ಲದೆ ಮನೆಯಲ್ಲಿದ್ದದ್ದರಿಂದಲೋ, ನನಗೆ ತಿಳಿಯದು. ನರ್ಸಮ್ಮನನ್ನು ಕೇಳಿದೆ. ಅವರಿಗೂ ಗೊತ್ತಿಲ್ಲವಂತೆ.