ಅಣ್ಣು ಮಾವನ ಮೂಗು

ನಮ್ಮ ಹೋಟೆಲಿನ ಅಡುಗೆ ಅಣ್ಣು ಮಾವನದು. ನನ್ನ ತಾಯಿಯ ಕಿರಿಯ ತಮ್ಮ. ಇಪ್ಪತ್ತಾರು ವರ್ಷಗಳಲ್ಲಿ ಅವರು ಒಮ್ಮೆಯೂ ಸಾಂಬಾರಿನ ರುಚಿ ನೋಡಿದವರಲ್ಲ. ದೇವರ ಪಟದ ಮುಂದೆ ಇಡುವ ಮೊದಲು ನಾಲಿಗೆಗೆ ತಾಗಿಸುವುದು ಅವರ ಪ್ರಕಾರ ಅಪಚಾರ. ಕೊಪ್ಪರಿಗೆಯ ಮೇಲೆ ಬಾಗಿ, ಹಬೆಯನ್ನು ಒಮ್ಮೆ ಒಳಗೆಳೆದು, "ಉಪ್ಪು ಒಂದು ಹಿಡಿ ಕಮ್ಮಿ" ಎನ್ನುತ್ತಿದ್ದರು. ಉಪ್ಪಿಗೆ ವಾಸನೆಯೇ ಇಲ್ಲವೆಂದು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ನಾನು ವಾದಿಸಿದರೆ, "ಹಾಗಾದರೆ ನಿನ್ನ ಕಾಲೇಜಿಗೆ ಉಪ್ಪು ಹಾಕಿರಲಿಲ್ಲ" ಎಂದು ನಗುತ್ತಿದ್ದರು.

ಕುರ್ಲಾ ಸ್ಟೇಷನ್ನಿನ ಎದುರು ಹೋಟೆಲು ಕಟ್ಟಿದವರು ದೊಡ್ಡ ಮಾವ ಕಾಂತಪ್ಪ. ಸಾವಿರದ ಒಂಬೈನೂರ ಐವತ್ತೇಳರ ಆರಂಭದಲ್ಲಿ, ಸೋದರಳಿಯನೇ ವಾರಸುದಾರನಾಗುವ ಅಳಿಯಕಟ್ಟಿನಂತೆ, ಯಜಮಾನಿಕೆಯನ್ನು ನನಗೆ ಒಪ್ಪಿಸಿ ಊರಿಗೆ ಹೋದರು. ನನಗಾಗ ಇಪ್ಪತ್ತೇಳು. ಅಣ್ಣು ಮಾವ ಚಕಾರವೆತ್ತಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ನಾನು, ಒಲೆಯ ಮುಂದೆ ಅವರು.

ಆ ಮಳೆಗಾಲದಲ್ಲಿ ಮುಂಬಯಿಗೆ ಮುಂಬಯಿಯೇ ಫ್ಲೂ ಹಿಡಿದು ಮಲಗಿತು. ಮಾವನೂ ಎಂಟು ದಿನ ಮಲಗಿ ಎದ್ದರು. ಎದ್ದ ಮೇಲೆ ಸಾಂಬಾರಿನ ಹದ ತಪ್ಪಿತು. ಒಂದು ದಿನ ಸಮುದ್ರದ ನೀರು, ಮರುದಿನ ಮಳೆಯ ನೀರು.

"ಧಣಿ, ಗಿರಾಕಿಗಳೆಲ್ಲ ಚಟ್ನಿ ಚಟ್ನಿ ಅಂತ ಜಪ ಮಾಡ್ತಾರೆ. ಸಾಂಬಾರು ಕೇಳುವವರೇ ಇಲ್ಲ" ಎಂದ ಸಪ್ಲೈಯರ್ ಐತ.

ನಾನು ಒಂದು ಪ್ರಯೋಗ ಮಾಡಿದೆ. ಇಂಗಿನ ಡಬ್ಬಿಯನ್ನು ಖಾಲಿ ಮಾಡಿ ತೊಳೆದು ಮೈದಾ ತುಂಬಿಸಿಟ್ಟೆ. ಮಾವ ಎಂದಿನಂತೆ ಚಮಚ ತುಂಬ ಹಾಕಿ, ಬಾಗಿ ಉಸಿರೆಳೆದು, "ಇಂಗು ಸರಿಯಾಯಿತು" ಎಂದರು.

ಅವರ ಮೂಗು ಹೋಗಿತ್ತು. ಮನೆಗೆ ಬಂದು ಹೆಂಡತಿ ವಾರಿಜಾಳಿಗೆ ನನ್ನ ಶೋಧವನ್ನು ಉತ್ಸಾಹದಿಂದ ವಿವರಿಸಿದೆ.

"ಗೊತ್ತಾಯಿತಲ್ಲ, ಇನ್ನು ಎಂತ ಮಾಡ್ತೀರಿ?"

"ತಕ್ಕಡಿ ತರ್ತೇನೆ. ಎಲ್ಲದರ ಅಳತೆ ಬರೆದು ಗೋಡೆಗೆ ಅಂಟಿಸ್ತೇನೆ."

"ಉಪ್ಪಿಗೆ ತಕ್ಕಡಿ ಆಯಿತು. ಮಾವನಿಗೆ?"

ಅದೊಂದು ಪ್ರಶ್ನೆಯೆಂದೇ ನನಗೆ ಅನಿಸಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಆರೂ ಜನರ ಎದುರು ಪಟ್ಟಿ ಅಂಟಿಸಿ, "ಮೂಗು ನಂಬುವ ಕಾಲ ಮುಗಿಯಿತು ಮಾವ" ಎಂದೆ. ತಮಾಷೆಯೆಂದೇ ಹೇಳಿದ್ದು. ಯಾರೂ ನಗಲಿಲ್ಲ. ಮಾವ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ತೆಗೆದು ನಾಲ್ಕು ಮಡಿಕೆ ಮಾಡಿದರು.

"ಒಳ್ಳೆಯದಾಯಿತು ಶೇಖರ. ತಕ್ಕಡಿಗೆ ಜ್ವರ ಬರುವುದಿಲ್ಲ. ನಾಡಿದ್ದು ನಾನು ಊರಿಗೆ ಹೊರಡ್ತೇನೆ."

ಅವರು ಅಡುಗೆಮನೆಯಿಂದ ಹೊರಟುಹೋದ ಮೇಲೆ ಎರಡನೆಯ ಅಡುಗೆಯವ ಕೊರಗಪ್ಪ ನನ್ನ ಮುಖ ನೋಡದೆಯೇ ಹೇಳಿದ: "ನಮ್ಮನ್ನೆಲ್ಲ ಇಲ್ಲಿಗೆ ಕರೆದು ತಂದದ್ದು ಅಣ್ಣು ಅಣ್ಣ. ಅವರಿಲ್ಲದ ಮೇಲೆ ನಮಗೆ ಇಲ್ಲಿ ಎಂತ ಉಂಟು ಧಣಿ?"

ಮಧ್ಯಾಹ್ನ ಲೋಕಲ್ ಹಿಡಿದು ಮಾವನಿದ್ದ ಚೆಂಬೂರಿಗೆ ಹೋದೆ. ದಾರಿಯುದ್ದಕ್ಕೂ ವಾದಗಳನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ: ಫ್ಲೂ, ನರಗಳು, ಗುಣವಾಗುವ ಸಂಭವ. ಚಾಳಿನ ಕೋಣೆಯಲ್ಲಿ ಮಾವ ಟ್ರಂಕು ತುಂಬಿಸುತ್ತಿದ್ದರು. ಮೂಲೆಯಲ್ಲಿ ತಳವೆಲ್ಲ ಕರಕಲಾದ ಪಾತ್ರೆಯೊಂದು ಬಿದ್ದಿತ್ತು.

"ಹಾಲು" ಎಂದರು ಮಾವ. "ನಾನು ಪಕ್ಕದಲ್ಲೇ ಕೂತಿದ್ದೆ, ಪೇಪರು ಓದ್ತಾ. ಆಚೆಮನೆಯವರು ಬಂದು ಬಾಗಿಲು ಬಡಿದ ಮೇಲೆ ಗೊತ್ತಾಯಿತು."

ಜೋಡಿಸಿಕೊಂಡ ವಾದಗಳನ್ನು ಬಿಟ್ಟು ಟ್ರಂಕಿನ ಪಕ್ಕ ಕೂತೆ.

"ಮಾವ, ಇಂಗಿನ ಡಬ್ಬಿಗೆ ಮೈದಾ ತುಂಬಿಸಿದ್ದು ನಾನೇ. ತಪ್ಪಾಯಿತು. ಎಲ್ಲರೆದುರು ಪಟ್ಟಿ ಅಂಟಿಸಿದ್ದು ಅದಕ್ಕಿಂತ ದೊಡ್ಡ ತಪ್ಪು."

"ಇಂಗಿಗೆ ಮೈದಾ! ಅಕ್ಕನಿಗೆ ಗೊತ್ತಾದರೆ ನಿನಗೆ ಸೌಟಿನಲ್ಲಿ ಉಂಟು." ನಕ್ಕರು. ನಗು ಅರ್ಧಕ್ಕೇ ನಿಂತಿತು. "ಹೆದರಿಕೆ ಆಗಿತ್ತು ಮಾರಾಯ. ಮೂಗಿಲ್ಲದ ಅಡುಗೆಯವ ಯಾರಿಗೆ ಬೇಕು?"

"ಮತ್ತೆ ಇಷ್ಟು ದಿನ ಹೇಗೆ ನಡೆಸಿದಿರಿ?" ಈ ಸಲ ಪರೀಕ್ಷೆಗಾಗಿ ಕೇಳಿದ್ದಲ್ಲ. ತಿಳಿಯಬೇಕೆಂದೇ ಕೇಳಿದೆ.

"ಅಡುಗೆಮನೆಯ ಕಿಟಕಿಯಿಂದ ನೋಡ್ತಿದ್ದೆ. ಉಪ್ಪು ಕಮ್ಮಿಯಾದರೆ ಗಿರಾಕಿಯ ಕೈ ಚಟ್ನಿಗೆ ಹೋಗ್ತದೆ, ಹೆಚ್ಚಾದರೆ ನೀರಿನ ಗ್ಲಾಸಿಗೆ. ಮರುದಿನ ಸರಿ ಮಾಡಲು ನೋಡ್ತಿದ್ದೆ. ಅಷ್ಟರಲ್ಲಿ ಕೊಪ್ಪರಿಗೆಯ ಸಾಂಬಾರೇ ಬೇರೆಯಾಗಿರ್ತದಲ್ಲ, ಮತ್ತೆ ತಪ್ಪುತ್ತಿತ್ತು."

ಆರು ತಿಂಗಳಿಂದ ಅದೇ ಗಿರಾಕಿಗಳ ಎದುರು ಕೂತ ನಾನು ಒಂದು ಕೈಯನ್ನೂ ಹಾಗೆ ನೋಡಿರಲಿಲ್ಲ.

"ನನಗೆ ಮೂಗು ಉಂಟು ಮಾವ. ಅದನ್ನು ಬಳಸಲಿಕ್ಕೆ ಬರುವುದಿಲ್ಲ. ಕಲಿಸ್ತೀರಾ? ಅಡುಗೆಮನೆಯಲ್ಲೇ, ಎಲ್ಲರೆದುರು."

"ಎಲ್ಲರೆದುರು ಬೈದರೆ?"

"ಬೈಯಿರಿ."

ಮಾವ ಟ್ರಂಕಿನ ಮುಚ್ಚಳ ಹಾಕಿದರು.

ಮರುದಿನ ಬೆಳಿಗ್ಗೆ ನಾನೇ ಮೊದಲು ಹೋಗಿ ಪಟ್ಟಿ ಕಿತ್ತು ಒಲೆಗೆ ಹಾಕಿದೆ. ಬೇಳೆ ಬೇಯುವ ಹೊತ್ತಿಗೆ ಮಾವ ಬಂದರು, ಬೈರಾಸು ಹೆಗಲಿಗೆ ಹಾಕಿದರು. ಗೋಡೆ ನೋಡಿದರು, ನನ್ನನ್ನು ನೋಡಿದರು. ಸಾಂಬಾರು ಕುದಿ ಬಂದಾಗ ಕರೆದರು.

"ಧಣಿಗಳು ಇಲ್ಲಿ ಬರಬೇಕು. ಬಾಗಿ. ಇನ್ನೂ ಬಾಗಿ, ಅದು ಕಚ್ಚುವುದಿಲ್ಲ. ಎಂತ ವಾಸನೆ?"

"ಚೆನ್ನಾಗಿದೆ ಮಾವ."

"ಚೆನ್ನಾಗಿದೆ ಅಂತ ಒಂದು ವಾಸನೆ ಉಂಟಾ? ಹುಣಸೆಯ ಹಸಿ ಹೋಗಿದೆಯಾ, ಇಲ್ಲವಾ?"

ಮತ್ತೆ ಉಸಿರೆಳೆದೆ. ಹಬೆ ನೆತ್ತಿಗೇರಿ ಕೆಮ್ಮು ಬಂತು. "ಗೊತ್ತಾಗುವುದಿಲ್ಲ ಮಾವ."

ಮೊದಲು ನಕ್ಕವನು ಕೊರಗಪ್ಪ. ಆಮೇಲೆ ರುಬ್ಬುವ ಕಲ್ಲಿನ ಹತ್ತಿರದವರು, ಕೊನೆಗೆ ಬಾಗಿಲಲ್ಲಿ ನಿಂತಿದ್ದ ಐತ. ನನ್ನ ಕಿವಿ ಬಿಸಿಯಾಯಿತು. ಆದರೂ ಮುಖ ಮೇಲೆತ್ತಲಿಲ್ಲ.

"ನಗಬೇಡಿ" ಎಂದರು ಮಾವ. "ಕಲಿಯುವಾಗ ನಾನು ಇವನಿಗಿಂತ ದಡ್ಡ. ಶೇಖರ, ಮೂಗಿನಲ್ಲಿ ಚುಚ್ಚುವ ಹಾಗೆ ಒಂದು ಹುಳಿ ಉಂಟಲ್ಲ, ಅದನ್ನು ಹಿಡಿದುಕೋ. ಅದು ಹೋದ ಕೂಡಲೇ ಹೇಳು."

ಮಾವ ಉಪ್ಪಿನ ಭರಣಿಯೊಳಗೆ ಕೈಯಿಟ್ಟು, ಕೊಪ್ಪರಿಗೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು.

"ಈಗ" ಎಂದೆ.

ಅವರು ಉಪ್ಪು ಹಾಕಿದರು.