ಬನಶಂಕರಿಯ ಕೋಟು

ನನ್ನ ಕಾಮಿಕ್ಸ್ ನಾಯಕಿಗೆ ಡಾಕ್ಟರ ಬಿಳಿ ಕೋಟು ತೊಡಿಸುವ ತೀರ್ಮಾನವಾದದ್ದು ಪರ್ತ್ ಹೊರವಲಯದ ಸ್ವಾನ್ ವ್ಯಾಲಿಯ ಒಂದು ದ್ರಾಕ್ಷಿ ತೋಟದ ಪಕ್ಕ, ಪಿಕ್ನಿಕ್ಕಿನ ಬಾರ್ಬೆಕ್ಯೂ ಒಲೆಯ ಮೇಲೆ ಪನೀರು ಸುಡುತ್ತಿದ್ದಾಗ. ನಾನು ಹತ್ತು ಹೆಜ್ಜೆ ದೂರದಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಗಂಡನನ್ನು ಕೇಳಿದರು.

ವಸಂತಕುಮಾರ್ ಅದಕ್ಕೇನಂತೆ, ಹಾಕಿಸಿದರಾಯಿತು ಎಂದರಂತೆ. ಆಮೇಲೆ ಪೇಪರ್ ಪ್ಲೇಟು ಹಿಡಿದು ನನ್ನ ಬಳಿ ಬಂದು, ಕೋಸಂಬರಿಗೆ ಉಪ್ಪು ಸಾಲದು ಎನ್ನುವ ಧಾಟಿಯಲ್ಲಿ ವಿಷಯ ತಿಳಿಸಿದರು. ಅವರ ಹಿಂದೆಯೇ ನಮ್ಮ ಕನ್ನಡ ಕೂಟದ ಅಧ್ಯಕ್ಷರಾದ ಗೋಪಾಲಕೃಷ್ಣ ಅಂಕಲ್ ಬಂದರು.

"ನೋಡಮ್ಮಾ ಜಯಮಾಲಾ, ಸೂಪರ್ ಹೀರೋ ಅಂದ್ಮೇಲೆ ಮಕ್ಕಳಿಗೆ ತಾವೂ ಹಾಗೇ ಆಗ್ಬೇಕು ಅನ್ನಿಸ್ಬೇಕು. ನಾಳೆ ನಮ್ಮ ಹುಡುಗೀರು ಮುದುಕರ ಡೈಪರ್ ಬದಲಾಯಿಸ್ತೀವಿ ಅಂತ ಹೊರಟ್ರೆ ಚೆನ್ನಾಗಿರುತ್ತಾ? ಕತೆ ಏನೂ ಮುಟ್ಬೇಡ. ಬಟ್ಟೆ ಒಂದು ಬದಲಾಯ್ಸು, ಸಾಕು."

ಇನ್ನು ಹದಿನೈದು ವರ್ಷಕ್ಕೆ ನಿಮ್ಮ ಡೈಪರ್ ಬದಲಾಯಿಸುವವರು ಯಾರು ಅಂಕಲ್ ಎಂದು ನಾಲಗೆಯ ತುದಿಗೆ ಬಂದಿತ್ತು. ಗಂಡ ನನ್ನ ಮುಖವನ್ನೇ ನೋಡುತ್ತಿದ್ದರು. ನುಂಗಿಕೊಂಡೆ.

ವಿಷಯ ಇಷ್ಟು. ೨೦೧೫ರಲ್ಲಿ ನಾವು ಮೂವರು ಸೇರಿ 'ಗುಡುಗು' ಎಂಬ ಕನ್ನಡ ಕಾಮಿಕ್ಸ್ ಮಾಲೆ ಶುರು ಮಾಡಿದೆವು. ಮೂರು ಊರು, ಮೂರು ಸೂಪರ್ ಹೀರೋಗಳು, ಸಂಚಿಕೆಗೆ ಮೂರು ಕತೆ. ಬ್ರಿಸ್ಬೇನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸಂದೀಪನ ನಾಯಕ ಪ್ರವಾಹದ ನೀರನ್ನೆಲ್ಲ ಕುಡಿದುಬಿಡುತ್ತಾನೆ. ಅಡಿಲೇಡಿನ ಅಪರ್ಣಾ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು; ಅವಳ ನಾಯಕನಿಗೆ ಮೈಲಿ ದೂರದ ಎದೆಬಡಿತವೂ ಕೇಳಿಸುತ್ತದೆ. ಪರ್ತ್‌ನಿಂದ ನನ್ನ ಬನಶಂಕರಿ. ಎಂಥ ಭಾರವನ್ನಾದರೂ ಎತ್ತುತ್ತಾಳೆ, ಎತ್ತಿದ್ದನ್ನು ಬೀಳಿಸುವುದಿಲ್ಲ. ಮೊದಲ ಕತೆಯಲ್ಲಿ ಫ್ರೀವೇ ಸೇತುವೆಯಿಂದ ಜಾರುತ್ತಿದ್ದ ಬಸ್ಸಿಗೆ ಹೆಗಲು ಕೊಟ್ಟು, ಒಳಗಿದ್ದ ಒಂದು ಲೋಟ ಕಾಫಿಯೂ ತುಳುಕದಂತೆ ರಸ್ತೆಯ ಮೇಲಿಡುತ್ತಾಳೆ. ಅವಳಿಗೆ ಮುಖವಾಡವಿಲ್ಲ, ಬೆನ್ನಿಗೆ ಹಾರಾಡುವ ಬಟ್ಟೆಯಿಲ್ಲ. ನೀಲಿ ಟೀ ಶರ್ಟು, ಎದೆಗೆ ಹೆಸರಿನ ಬಿಲ್ಲೆ, ಕಪ್ಪು ಶೂ. ವೃದ್ಧಾಶ್ರಮದ ಕೆಲಸದವರ ಯೂನಿಫಾರ್ಮು.

ಅದು ನನ್ನದೇ ಯೂನಿಫಾರ್ಮು. ಮೈಸೂರಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಡ್ರಾಯಿಂಗ್ ಟೀಚರಾಗಿದ್ದವಳು ನಾನು. ಇಲ್ಲಿ ಗಣಿ ಕಂಪನಿಯಲ್ಲಿ ಗಂಡನ ಕೆಲಸ ಹೋದಾಗ ನನಗೆ ಸಿಕ್ಕಿದ್ದು ಇದು. ಬೇಡವೆನ್ನಿಸಲಿಲ್ಲ. ಬೇಸರ ಇದ್ದದ್ದು ಮೊದಲ ಒಂದು ತಿಂಗಳು, ಅದೂ ವಾಸನೆಯಿಂದ. ಆಮೇಲೆ ನನ್ನ ಕೈಗೆ ಅಂಥ ಬಲವಿದೆ ಎಂದು ನನಗೇ ಗೊತ್ತಾಯಿತು. ತೊಂಬತ್ತು ಕೆಜಿಯ ಮುದುಕನನ್ನು ನೋಯಿಸದೆ, ಹೆದರಿಸದೆ ಹಾಸಿಗೆಯಿಂದ ಕುರ್ಚಿಗೆ ತರುವುದು ಒಂದು ವಿದ್ಯೆ. ಆ ವಿದ್ಯೆ ನನಗೆ ಬಂತು ಎಂದು ಹೆಮ್ಮೆಯಿದೆ. ಬನಶಂಕರಿ ಹುಟ್ಟಿದ್ದು ಆ ಹೆಮ್ಮೆಯಿಂದ.

ಕೂಟದಲ್ಲಿ ಮಾತ್ರ ನಾನು 'ಹೆಲ್ತ್ ಅಡ್ಮಿನಿಸ್ಟ್ರೇಷನ್'. ಗಂಡನೇ ಹಾಗೆ ಹೇಳಿಟ್ಟಿದ್ದರು. ಅವರು ಸ್ವತಃ 'ಕನ್ಸಲ್ಟಿಂಗ್'. ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ, ಬೆಂಟ್ಲಿ ಬಡಾವಣೆಯ ನಮ್ಮ ಬಾಡಿಗೆ ಮನೆಯಿಂದ ನಡೆದು ಲೈಬ್ರರಿಗೆ ಹೋಗಿ, ಕೆಲಸಕ್ಕೆ ಅರ್ಜಿಗಳನ್ನು ಹಾಕಿ ಬರುತ್ತಿದ್ದರು. ವರ್ಷ ದಾಟಿತ್ತು. ಅವರನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಆದರೆ ಅವರ ಮಾನ ಉಳಿಸಲು ನನ್ನ ಕೆಲಸವನ್ನು ಬಚ್ಚಿಡಬೇಕು ಎಂದಾಗ ಮೈಯೆಲ್ಲ ಉರಿಯುತ್ತಿತ್ತು. ನನ್ನ ಕೆಲಸದಲ್ಲಿ ಮಾನ ಹೋಗುವಂಥದ್ದು ಏನಿದೆ?

ಸ್ವಾನ್ ವ್ಯಾಲಿಯಿಂದ ಬಂದ ಮರುದಿನ ಬ್ರಿಸ್ಬೇನಿಗೆ ಫೋನ್ ಮಾಡಿದೆ. ಸಂದೀಪ ಒಳ್ಳೆಯ ಹುಡುಗ, ಆದರೆ ಜಗಳವೆಂದರೆ ಆಗದವನು. ಕೂಟ ಈ ಸಲ ರಾಜ್ಯೋತ್ಸವದ ಸ್ಮರಣ ಸಂಚಿಕೆಯ ಬದಲು 'ಗುಡುಗು' ಅಚ್ಚು ಹಾಕಿಸಲು ಒಪ್ಪಿದೆ, ಐದು ನೂರು ಪ್ರತಿ, ಇದನ್ನು ಕೈಬಿಟ್ಟರೆ ಮೊದಲ ಸಂಚಿಕೆ ಹುಟ್ಟುವುದೇ ಇಲ್ಲ ಎಂದು ಗೋಳಾಡಿದ. ಅಧ್ಯಕ್ಷರು ಆಗಲೇ ಅವನಿಗೂ ಫೋನ್ ಮಾಡಿದ್ದರು. ಬಣ್ಣ ತುಂಬುವವನು ಅವನೇ ಆದ್ದರಿಂದ ಕಂಪ್ಯೂಟರಿನಲ್ಲಿ ನೀಲಿ ಅಂಗಿಯನ್ನು ಬಿಳಿ ಮಾಡಿ, ಮೊಣಕಾಲಿನವರೆಗೆ ಎಳೆದು, ಕೊರಳಿಗೊಂದು ಸ್ಟೆತಸ್ಕೋಪು ಹಾಕಿ ಮುಗಿಸಿದ್ದ. ಎಂಟು ಪುಟ, ಒಂದೇ ಸಂಜೆ.

ಅವನಿಂದ ಆಗದೇ ಉಳಿದದ್ದು ಒಂದೇ. ಬಸ್ಸಿನಿಂದ ಇಳಿದ ಅಜ್ಜಿ "ನೀನು ಯಾರಮ್ಮ?" ಎಂದು ಕೇಳುತ್ತಾಳೆ. ಬನಶಂಕರಿ "ನಾನು ವೃದ್ಧಾಶ್ರಮದ ಕೆಲಸದವಳು, ಎರಡು ಗಂಟೆಗೆ ಶಿಫ್ಟಿದೆ, ಬರ್ತೀನಿ" ಎನ್ನುತ್ತಾಳೆ. ಡಾಕ್ಟರಾದ ಮೇಲೆ ಆ ಮಾತು ನಡೆಯುವುದಿಲ್ಲ. ಕಂಪ್ಯೂಟರಿನಲ್ಲಿ ಟೈಪು ಮಾಡಿದರೆ ಕನ್ನಡದ ಒತ್ತಕ್ಷರಗಳು ಮಾತಿನ ಬಲೂನಿನೊಳಗೆ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಅದಕ್ಕೇ ಮೂರೂ ಕತೆಗಳ ಮಾತನ್ನೆಲ್ಲ ನಾನು ಕೈಯಲ್ಲಿ ಬರೆಯುತ್ತಿದ್ದೆ. ಅವರಿಬ್ಬರ ಪುಟಗಳು ಖಾಲಿ ಬಲೂನಿನೊಂದಿಗೆ ನನಗೆ ಬರುತ್ತಿದ್ದವು. ನಾನು ಇಂಡಿಯನ್ ಇಂಕಿನಲ್ಲಿ ತುಂಬಿ, ಸ್ಕ್ಯಾನ್ ಮಾಡಿ ವಾಪಸು ಕಳಿಸುತ್ತಿದ್ದೆ. ಈಗ ನನ್ನದೇ ನಾಯಕಿಯ ಬಾಯಿ ಖಾಲಿಯಾಗಿ ನನ್ನ ಬಳಿಗೆ ಬಂತು. ಜೊತೆಗೆ ಕಮಿಟಿ ಮಂಜೂರು ಮಾಡಿದ ವಾಕ್ಯ: ನಾನು ಡಾಕ್ಟರ್ ಬನಶಂಕರಿ, ನಿಮ್ಮ ಸೇವೆಗೆ ಸದಾ ಸಿದ್ಧ.

ಎರಡು ದಿನ ಆ ಪುಟವನ್ನು ಮುಟ್ಟಲಿಲ್ಲ. ಮೂರನೆಯ ದಿನ ಅಪರ್ಣಾ ಫೋನ್ ಮಾಡಿದಳು. ಡಾಕ್ಟರ್ ಕೋಟನ್ನು ನಾನು ಬೈದರೆ ಅವಳಿಗೆ ನೋವಾದೀತು ಎಂದು ಅಳೆದು ಸುರಿದು ಮಾತಾಡುತ್ತಿದ್ದೆ. ಅವಳು ಅರ್ಧಕ್ಕೇ ತಡೆದಳು.

"ಜಯಕ್ಕ, ನಾನು ಡಾಕ್ಟರಾಗಿ ಹದಿನಾಲ್ಕು ವರ್ಷ ಆಯ್ತು. ಇವತ್ತಿನವರೆಗೆ ಒಬ್ಬ ಪೇಷಂಟನ್ನೂ ನಾನು ಎತ್ತಿ ಕೂರಿಸಿಲ್ಲ. ನಾನು ರೌಂಡ್ಸ್‌ಗೆ ಬರೋ ಹೊತ್ತಿಗೆ ಅವ್ರು ಸ್ನಾನ ಆಗಿ, ತಲೆ ಬಾಚ್ಕೊಂಡು ಕೂತಿರ್ತಾರೆ. ಯಾರು ಕೂರ್ಸಿದ್ರು ಅಂತ ನಾನು ಯಾವತ್ತೂ ಕೇಳಿಲ್ಲ. ನೀವು ಏನು ಬರೀತೀರೋ ಬರೀರಿ. ಅದಿಲ್ದಿದ್ರೆ ನನ್ನ ಕತೇನೂ ಬೇಡ."

ಫೋನಿಟ್ಟು ಬಂದು ಕೂತೆ. ಗಂಡ ಹಾಲಿನಲ್ಲಿ ಲ್ಯಾಪ್‌ಟಾಪ್ ನೋಡುತ್ತಿದ್ದರು. ಅವರಿಗೆ ಹೇಳಬೇಕೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಹೇಳಲಿಲ್ಲ. ಅಕ್ಷರ ಕೆಡಬಾರದೆಂದು ಎರಡು ಸಲ ರಫ್ ಮಾಡಿಕೊಂಡು, ಮೂರನೆಯ ಸಲ ನೇರ ಬಲೂನಿನಲ್ಲಿ ದುಂಡಗೆ ಬರೆದೆ.

"ಈ ಕೋಟು ನನ್ನದಲ್ಲ. ಕಮಿಟಿಯವರು ಹಾಕಿಸಿದ್ದು. ನಾನು ಡಾಕ್ಟರಲ್ಲ, ವೃದ್ಧಾಶ್ರಮದಲ್ಲಿ ಕೆಲಸ ಮಾಡುವವಳು. ಮುದುಕರನ್ನು ಎತ್ತುತ್ತೇನೆ, ತೊಳೆಯುತ್ತೇನೆ, ಉಣ್ಣಿಸುತ್ತೇನೆ. ನನ್ನ ಚಿತ್ರ ಬಿಡಿಸಿದ ಜಯಮಾಲಾ ವಸಂತಕುಮಾರ್ ಮಾಡುವುದೂ ಇದೇ ಕೆಲಸ."

ಪುಟ ತಲುಪಿದ ಕೂಡಲೇ ಸಂದೀಪ ಫೋನ್ ಮಾಡಿದ. ಇದನ್ನು ಕಮಿಟಿಯವರ ಕಣ್ಣಿಗೆ ಬೀಳದ ಹಾಗೆ ನೇರ ಪ್ರೆಸ್ಸಿಗೆ ಕಳಿಸಿಬಿಡಲಾ ಎಂದು ಪಿಸುಗುಟ್ಟಿದ. ನಾನು ಖಡಾಖಂಡಿತವಾಗಿ ಬೇಡವೆಂದೆ. ಕದ್ದು ಮಾಡುವ ಕೆಲಸ ನನ್ನದಲ್ಲ. ಪೂರ್ತಿ ಪ್ರೂಫು ಕಮಿಟಿಯ ಐವರಿಗೂ ಹೋಗಲಿ, ಓದಿ ಬೇಡವೆಂದರೆ ಎದುರಿಗೆ ಕೂತು ಜಗಳವಾಡೋಣ ಎಂದೆ. ಜಗಳಕ್ಕೆ ಏನೇನು ಮಾತಾಡಬೇಕೆಂದು ಶವರ್ ರೂಮಿನಲ್ಲಿ ಮುದುಕರ ಬೆನ್ನುಜ್ಜುತ್ತಲೇ ಅಭ್ಯಾಸ ಮಾಡಿಕೊಂಡೆ.

ಉತ್ತರಗಳು ಬಂದವು. ಮೊದಲ ಮೂರು ಪುಟಗಳಲ್ಲಿ, ಎಲ್ಲ ಸ್ಮರಣ ಸಂಚಿಕೆಗಳಲ್ಲಿ ಇರುವಂತೆ, ಅಧ್ಯಕ್ಷರ ಸಂದೇಶ, ಕಾರ್ಯದರ್ಶಿಯ ಅರಿಕೆ, ಕಮಿಟಿಯ ಗ್ರೂಪ್ ಫೋಟೋ ಇದ್ದವು. ಖಜಾಂಚಿ ದೇವರಾಜ ತನ್ನ ಇನಿಷಿಯಲ್ ಬಿಟ್ಟುಹೋಗಿದೆ ಎಂದು ಬರೆದಿದ್ದ. ಒಬ್ಬರಿಗೆ ಎರಡನೆಯ ಸಾಲಿನಲ್ಲಿ ಎಡದಿಂದ ಮೂರನೆಯವರ ಹೆಸರು ಅದಲುಬದಲಾಗಿದೆ ಎಂಬ ಸಿಟ್ಟು. ಕಾರ್ಯದರ್ಶಿಯ ಅರಿಕೆ ಅಧ್ಯಕ್ಷರ ಸಂದೇಶಕ್ಕಿಂತ ಎರಡು ಸಾಲು ಉದ್ದವಿದೆ, ಕತ್ತರಿಸಿ ಎಂದು ಇನ್ನೊಬ್ಬರು. ಕಾರ್ಯದರ್ಶಿ ಕತ್ತರಿಸಲು ಒಪ್ಪಲಿಲ್ಲ. ಗೋಪಾಲಕೃಷ್ಣ ಅಂಕಲ್ ಸೂಟಿನಲ್ಲಿರುವ ಬೇರೆ ಫೋಟೋ ಕಳಿಸಿ, ನಾಲ್ಕು ಸಲ ಪ್ರೂಫು ತರಿಸಿಕೊಂಡು, ಕೊನೆಗೆ ಎಲ್ಲರ ಪರವಾಗಿ ಬರೆದರು: ಉಳಿದದ್ದೆಲ್ಲ ಓಕೆ, ಅಚ್ಚಿಗೆ ಕೊಡಿ.

ಬನಶಂಕರಿಯ ಆ ಮಾತಿದ್ದ ಹದಿನೇಳನೆಯ ಪುಟದವರೆಗೆ ಯಾರೂ ಬಂದಿರಲಿಲ್ಲ. ನನ್ನ ಜಗಳವೆಲ್ಲ ಹಾಗೇ ಉಳಿಯಿತು.

ನವೆಂಬರಿನ ಮೊದಲ ಭಾನುವಾರ ಒಂದು ಶಾಲೆಯ ಹಾಲಿನಲ್ಲಿ ರಾಜ್ಯೋತ್ಸವ. ಹಿಂದಿನ ವರ್ಷ ನಾನು ರೇಷ್ಮೆ ಸೀರೆಯಲ್ಲಿ ಬಂದು, ಮಧ್ಯಾಹ್ನ ಕಾರಿನಲ್ಲಿ ಬಟ್ಟೆ ಬದಲಾಯಿಸಿ ಕೆಲಸಕ್ಕೆ ಹೋಗಿದ್ದೆ. ಆ ದಿನ ಯೂನಿಫಾರ್ಮಿನಲ್ಲೇ ಹೊರಟೆ. ಸೀರೆ ಉಡುವುದಿಲ್ಲವೇ ಎಂದು ಗಂಡ ಕೇಳಿದರು. ಶಿಫ್ಟಿದೆ ಎಂದೆ. ಅವರು ಕಾರಿನ ಕೀಲಿ ತೆಗೆದುಕೊಂಡು ಮುಂದೆ ನಡೆದರು.

ದೀಪ ಬೆಳಗಿಸಿ, ನಾಡಗೀತೆ ಹಾಡಿ, ರಿಬ್ಬನ್ ಕತ್ತರಿಸಿದ್ದಾಯಿತು. ಹೊದಿಕೆ ಬಿಚ್ಚಿ ಮೊದಲ ಸಂಚಿಕೆಯನ್ನು ಎತ್ತಿ ಹಿಡಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಿಳಿ ಕೋಟು ಅವರದೇ ಐಡಿಯಾ ಅಲ್ಲವೇ? ನಮ್ಮ ಹೆಣ್ಣುಮಕ್ಕಳಿಗೆ ಎಂಥ ಆದರ್ಶವನ್ನು ಕೊಡುತ್ತಿದ್ದೇವೆ, ಡಾಕ್ಟರ್ ಬನಶಂಕರಿಯ ಮಾತಿನಲ್ಲೇ ಕೇಳಿ ಎಂದು ಪುಟ ತಿರುಗಿಸಿ, ಕನ್ನಡಕ ಏರಿಸಿ, ಭಾಷಣದ ಗಂಟಲಿನಲ್ಲಿ ಓದತೊಡಗಿದರು.

"ಈ ಕೋಟು ನನ್ನದಲ್ಲ. ಕಮಿಟಿಯವರು ಹಾಕಿಸಿದ್ದು."

ಅಲ್ಲಿಗೆ ನಿಂತರು. ಪುಟವನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು. ಇದೇನಿದು ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ನಾನು ಎದ್ದು ನಿಂತೆ. ನನಗೆ ಮೈಕು ಬೇಕಿರಲಿಲ್ಲ, ಕಿವಿ ಮಂದವಾದವರ ಜೊತೆ ದಿನಕ್ಕೆ ಎಂಟು ಗಂಟೆ ಮಾತಾಡಿ ನನ್ನ ಗಂಟಲು ಪಳಗಿದೆ. ಉಳಿದ ವಾಕ್ಯಗಳನ್ನು ನೋಡದೆ ಹೇಳಿದೆ. ನನ್ನ ಹೆಸರನ್ನೂ, ನನ್ನ ಕೆಲಸವನ್ನೂ ಹೇಳಿದೆ. ಕೊನೆಗೆ ಅಧ್ಯಕ್ಷರಿಗೆಂದೇ ಒಂದು ಮಾತು ಸೇರಿಸಿದೆ: "ಪ್ರೂಫ್ ಕಳಿಸಿದ್ವಿ ಅಂಕಲ್. ನಾಲ್ಕು ಸಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆಲವು ಹೆಂಗಸರು ಚಪ್ಪಾಳೆ ತಟ್ಟಿದರು, ಕೆಲವರು ಬೇಕೆಂದೇ ಮೊಬೈಲು ನೋಡುತ್ತ ಕೂತರು. ಅಧ್ಯಕ್ಷರು ಮುಖ ಕೆಂಪಗೆ ಮಾಡಿಕೊಂಡು, ಸಂಚಿಕೆಯಲ್ಲಿ ಸಣ್ಣ ತಿದ್ದುಪಡಿ ಇದೆ, ಈ ದಿನ ಹಂಚುವುದಿಲ್ಲ, ಎಲ್ಲರೂ ಊಟಕ್ಕೆ ಏಳಿ ಎಂದರು.

ಪ್ರತಿಗಳ ಪೆಟ್ಟಿಗೆಗಳು ಬಾಗಿಲ ಬಳಿಯ ಮೇಜಿನ ಮೇಲಿದ್ದವು. ನಾನು ಅಲ್ಲಿಗೆ ಹೋಗಿ ನಿಂತೆ. ಅಲ್ಲಿಂದ ಸರಿಯುವ ಮನಸ್ಸಿರಲಿಲ್ಲ. ಹಿಂದೆಯೇ ಗಂಡ ಬಂದರು.

"ನನ್ನ ಹೆಸ್ರೂ ಹಾಕಿದೀಯ. ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು ಜಯಾ."

"ಕೋಟು ಹಾಕ್ಸೋವಾಗ ನನ್ನನ್ನೂ ಕೇಳ್ಬೇಕಿತ್ತು ರೀ."

ಅವರು ಹೊರಟು ಹೋಗಿ ಕಾರಿನಲ್ಲಿ ಕೂರುತ್ತಾರೆ ಎಂದುಕೊಂಡೆ. ಜೇಬಿನಿಂದ ಕಾರಿನ ಕೀಲಿ ತೆಗೆದರು. ಮುಗಿಯಿತು ಎನ್ನಿಸಿತು. ಅವರು ಆ ಕೀಲಿಯ ತುದಿಯಿಂದ ಮೊದಲ ಪೆಟ್ಟಿಗೆಯ ಟೇಪನ್ನು ಉದ್ದಕ್ಕೂ ಸೀಳಿದರು.

ದೇವರಾಜ ಓಡಿ ಬಂದು, ಹಂಚಬಾರದು ಅಂದಿದ್ದಾರೆ ಸಾರ್ ಎಂದ. ಗಂಡ ಮೊದಲ ಪ್ರತಿಯನ್ನು ಅವನ ಕೈಗೇ ಕೊಟ್ಟರು. ಬಿಸಿಬೇಳೆಬಾತಿನ ಸಾಲು ಕರಗಿ ಜನ ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಮೊದಲು ಬಂದವರು ಗಂಡನ ಹಳೆಯ ಕಂಪನಿಯಲ್ಲೇ ಇದ್ದ ಒಬ್ಬ ಎಂಜಿನಿಯರು. ಪುಸ್ತಕಕ್ಕೆ ಕೈ ಚಾಚಿದವರು, ನನ್ನ ಯೂನಿಫಾರ್ಮನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ದನಿ ತಗ್ಗಿಸಿದರು.

"ಹಾಗಾದ್ರೆ ವಸಂತ್, ನೀವು ಈಗ ಎಲ್ಲಿ ಕೆಲ್ಸ ಮಾಡ್ತಿದೀರಿ?"

"ಎಲ್ಲೂ ಇಲ್ಲ" ಎಂದರು ನನ್ನ ಗಂಡ, ಹಾಲಿಗೆಲ್ಲ ಕೇಳುವಷ್ಟು ಜೋರಾಗಿ. "ಹದಿನಾಲ್ಕು ತಿಂಗಳಿಂದ ಇವಳೇ ನನ್ನನ್ನ ಎತ್ಕೊಂಡಿರೋದು. ತಗೊಳ್ಳಿ, ಹದಿನೇಳನೇ ಪುಟ ನೋಡಿ."