ಇಂಜಿನ್ನಿನ ಬಾಯಿಪಾಠ

ಬೇಕರಿಯ ಬ್ರೆಡ್ಡನ್ನು ಬೆಳಕು ಹರಿಯುವ ಮುಂಚೆ ಅಂಗಡಿ ಅಂಗಡಿಗೆ ಮುಟ್ಟಿಸುವ ಪಿಕಪ್ಪು ಅವನದು. ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಓಣಿಯವರ ಬಾಯಲ್ಲಿ ಅವನು ರೇಡಿಯೋ. ಕುಕ್ಕರಿನ ಸೀಟಿ, ಕೀಲು ಒಣಗಿದ ಬಾಗಿಲು, ಬ್ಯಾಂಕಿನಲ್ಲಿ ಟೋಕನ್ ಕೂಗುವ ಹೆಂಗಸಿನ ದನಿ, ಹೀಗೆ ಯಾವುದನ್ನು ಬೇಕಾದರೂ ಬಾಯಲ್ಲೇ ತೆಗೆಯುತ್ತಿದ್ದ. ಮಾವನವರ ಗೊರಕೆಯನ್ನು ಅವರ ಎದುರಿಗೇ ತೆಗೆದಾಗ ಅವರು, "ಯಾರಪ್ಪ ಅದು, ಇಷ್ಟು ಅಸಹ್ಯವಾಗಿ ಗೊರಕೆ ಹೊಡೆಯೋದು?" ಎಂದು ಕೇಳಿದ್ದೇ ಅವನ ಬಾಳಿನ ದೊಡ್ಡ ಬಹುಮಾನ.

"ರೇಡಿಯೋಗಾದ್ರೆ ಆರಿಸೋಕೆ ಒಂದು ಗುಂಡಿ ಇರುತ್ತೆ," ಎನ್ನುತ್ತಿದ್ದಳು ಹೆಂಡತಿ. "ಮದುವೆಯಾದಾಗಿಂದ ಹುಡುಕ್ತಾ ಇದೀನಿ, ಸಿಕ್ಕಿಲ್ಲ."

ಅಂಥವನ ಎದುರು ಅವನ ಪಿಕಪ್ಪೇ ಒಂದು ದಿನ ಪೈಪೋಟಿಗೆ ಇಳಿಯಿತು. ಅವನ ಮನೆಯ ಕಿಟಕಿಗೆ ಅಂಟಿಕೊಂಡಂತಿದ್ದ ಬೇಕರಿಯ ಹಿತ್ತಲಲ್ಲಿ ಇರುಳೆಲ್ಲ ತಣ್ಣಗೆ ನಿಂತ ಗಾಡಿಗೆ ಮುಂಜಾನೆ ಕೀಲಿ ತಿರುಗಿಸಿದರೆ, ಬಾನೆಟ್ಟಿನೊಳಗೆ ಯಾರೋ ಚಮಚದ ಡಬ್ಬಿ ಅಲ್ಲಾಡಿಸಿದ ಹಾಗೆ ಕಟಕಟಕಟ. ಒಂದು ಆಕಳಿಕೆ ಮುಗಿಯುವಷ್ಟರಲ್ಲಿ ಸದ್ದು ಮಾಯ. ಆಮೇಲೆ ಇಡೀ ದಿನ ಆ ಇಂಜಿನ್ನು, ಅತ್ತೆಮನೆಗೆ ಹೊಸದಾಗಿ ಬಂದ ಅಳಿಯನಂತೆ, ಕೆಮ್ಮುವುದಕ್ಕೂ ಸಂಕೋಚಪಡುತ್ತಿತ್ತು.

ಎದುರು ಮಹಡಿಯ ವಕೀಲರಿಗೆ ಆ ಒಂದು ಆಕಳಿಕೆಯೇ ಸಾಕಾಯಿತು. ಕೋರ್ಟಿನಲ್ಲಿ ಬಾಯಿ ಬಿಡಲು ತಡವರಿಸುವ ಅವರು ನಿದ್ದೆ ಕೆಟ್ಟರೆ ಮಾತ್ರ ಅದ್ಭುತವಾಗಿ ವಾದಿಸುತ್ತಿದ್ದರು. ಲುಂಗಿಯಲ್ಲೇ ಇಳಿದು ಬಂದು, ಬೇಕರಿಯ ಯಜಮಾನಿಯ ಹತ್ತಿರ ಮೊದಲು ಸದ್ದಿನ ಮಾತು ತೆಗೆದರು, ಆಮೇಲೆ ಮೆಲ್ಲಗೆ ಅವಳ ಹೊಗೆ ಕೊಳವೆಯ ಪರವಾನಗಿಯ ಮಾತು ತೆಗೆದರು. ಯಜಮಾನಿಗೆ ಎರಡನೆಯದು ಚೆನ್ನಾಗಿ ಕೇಳಿಸಿತು.

"ನೋಡಪ್ಪ," ಎಂದಳು ಅವಳು ರೇಡಿಯೋನನ್ನು ಕರೆದು. "ಒಲೆಯ ಇಟ್ಟಿಗೆ ಬದಲಾಯಿಸ್ಬೇಕು, ಈ ವಾರ ಬೇಕರಿ ಮುಚ್ಚಿರುತ್ತೆ. ತೆಗೆಯೋ ದಿನ ಬೆಳಿಗ್ಗೆ ಆ ಪುಣ್ಯಾತ್ಮನ ಕಿವಿಗೆ ಸದ್ದು ಬಿತ್ತು ಅಂದ್ರೆ, ನನ್ನ ಬ್ರೆಡ್ಡು ಬೇರೆ ಗಾಡೀಲಿ ಹೋಗುತ್ತೆ. ಹಿಂದಿನ ಬೀದಿ ಟೆಂಪೋದವನು ಆಗ್ಲೇ ಬಂದು ಹಲ್ಲು ಕಿರಿದು ಹೋಗಿದಾನೆ."

ರೇಡಿಯೋಗೆ ಬೇರೆ ಬಾಡಿಗೆ ಇರಲಿಲ್ಲ. ಆ ಬ್ರೆಡ್ಡೇ ಅವನ ಅನ್ನ.

ಗಾಡಿಯನ್ನು ಗ್ಯಾರೇಜಿಗೆ ಒಯ್ದ. ಅಲ್ಲಿಯ ಮೆಕ್ಯಾನಿಕ್ಕನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು, ಏಕೆಂದರೆ ಅವನು ಕೊರಳಿಗೆ ಸ್ಟೆತಾಸ್ಕೋಪು ನೇತುಹಾಕಿಕೊಂಡೇ ಇಂಜಿನ್ ನೋಡುತ್ತಿದ್ದ. ನಿಜವಾದ ಡಾಕ್ಟರಂತೆ ಬಂದವರನ್ನು ಸುಮ್ಮಸುಮ್ಮನೆ ಕಾಯಿಸುತ್ತಲೂ ಇದ್ದ. ಕಾಯಿಸಿ, ಬಾನೆಟ್ ಎತ್ತಿ, ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಕೇಳಿದ. ದಾರಿಯುದ್ದಕ್ಕೂ ಓಡಿ ಬಿಸಿಯಾಗಿದ್ದ ಇಂಜಿನ್ನು ಸಭ್ಯವಾಗಿ ಗುನುಗಿತು.

"ಏನೂ ಇಲ್ವಲ್ಲ."

"ತಣ್ಣಗಿದ್ದಾಗ ಮಾತ್ರ ಬರೋದು ಡಾಕ್ಟ್ರೇ."

"ಹಾಗಾದ್ರೆ ಇಲ್ಲೇ ಬಿಟ್ಟು ಹೋಗು. ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡಿ ಕೇಳ್ತೀನಿ."

ಡಾಕ್ಟ್ರು ಆ ವಾರ ಆಡಿದ ಬುದ್ಧಿಯ ಮಾತು ಇದೊಂದೇ. ಅದೂ ಹೆಚ್ಚು ಹೊತ್ತು ಬಾಳಲಿಲ್ಲ.

"ಬೆಳಿಗ್ಗೆ ತನಕ ಯಾಕೆ? ನಾನಿಲ್ವಾ?" ಎಂದು ರೇಡಿಯೋ ಗಂಟಲು ಸರಿಮಾಡಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಶುರುಮಾಡಿದ. ಮೊದಲ ಸಲ ಸಾದಾ ಕಟಕಟ. ಡಾಕ್ಟ್ರು ತಲೆದೂಗಿ, "ಟ್ಯಾಪೆಟ್ಟು. ಮೇಲಿಂದ ಸ್ವಲ್ಪ ಬಿಗಿ ಮಾಡಿದ್ರೆ ಆಯ್ತು," ಎಂದ.

ಅಷ್ಟಕ್ಕೇ ನಿಂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸದ್ದಿಗೆ ಪಕ್ಕದ ಟಯರ್ ಅಂಗಡಿಯವನು ಬಂದ, ಅವನ ಹಿಂದೆ ರೇಡಿಯೋನ ಬಾಮೈದ ಬಂದ. ಗ್ಯಾರೇಜಿನ ಪಕ್ಕದಲ್ಲೇ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಬಾಮೈದ ಗೋಡೆಗೆ ಒರಗಿ, "ಭಾವ, ಇನ್ನೊಂದ್ಸಲ," ಎಂದ. ಪ್ರೇಕ್ಷಕರು ಇನ್ನೊಂದು ಸಲ ಎಂದರೆ ಮೊದಲಿನದನ್ನೇ ಮಾಡುವವನು ಕಲಾವಿದನೇ ಅಲ್ಲ. ಈ ಸಲ ರೇಡಿಯೋ ಹೊಟ್ಟೆಯಿಂದ ಒಂದು ಡಗ್ ಡಗ್ ಎತ್ತಿ ಕಟಕಟದ ಕೆಳಗೆ ಹಾಸಿದ, ಕೊನೆಗೆ ಒಂದು ನರಳಾಟವನ್ನೂ ಸೇರಿಸಿದ. ಟಯರಿನವನು ಚಪ್ಪಾಳೆ ಹೊಡೆದ. ಡಾಕ್ಟ್ರ ಮುಖ ಸಪ್ಪಗಾಯಿತು.

"ತಡಿ, ತಡಿ," ಎಂದು ಸ್ಟೆತಾಸ್ಕೋಪನ್ನು ರೇಡಿಯೋನ ಎದೆಗೆ ಇಟ್ಟ. "ಹ್ಞೂಂ, ಈಗ ಮಾಡು."

ರೇಡಿಯೋ ಮಾಡಿದ. ಡಾಕ್ಟ್ರು ಬಿಲ್ಲೆಯನ್ನು ಎದೆಯಿಂದ ಮೆಲ್ಲಗೆ ಕೆಳಗಿಳಿಸಿದ.

"ಕೆಳಗಿಂದ ಬರ್ತಾ ಇದೆ."

"ಹೌದು ಡಾಕ್ಟ್ರೇ, ಇದು ಗಂಟಲಲ್ಲಿ ಆಗೋ ಕೆಲಸ ಅಲ್ಲ. ಹೊಟ್ಟೆಯಿಂದ್ಲೇ ತೆಗೀಬೇಕು."

"ಹಾಗಿದ್ರೆ ಟ್ಯಾಪೆಟ್ಟಲ್ಲ. ಬೇರಿಂಗು ಹೋಗಿದೆ. ಇಂಜಿನ್ ಇಳಿಸ್ಬೇಕು."

ಆ ಸಂಜೆ ರೇಡಿಯೋ ಕನ್ನಡಿಯ ಮುಂದೆ ನಿಂತು ನರಳಾಟದ ಭಾಗವನ್ನು ತಿದ್ದಿಕೊಳ್ಳುತ್ತಿದ್ದಾಗ ಹೆಂಡತಿ ಸೊಪ್ಪು ಬಿಡಿಸುತ್ತ ಹೇಳಿದಳು: "ಅದು ಹಾಗೆ ಕೂಗಲ್ಲ. ಹಿತ್ತಲ ಕಿಟಕಿ ಪಕ್ಕ ಮಲಗೋಳು ನಾನು. ಇಷ್ಟು ಸಂಗೀತ ಇಲ್ಲ ಅದರಲ್ಲಿ."

"ನಿಂಗೆ ಕಿವಿ ಇಲ್ಲ," ಎಂದ ರೇಡಿಯೋ.

ಬೆಳಿಗ್ಗೆ ಅವನು ಕೀಲಿ ತಿರುಗಿಸುವಾಗ ಅವಳು ಕಿಟಕಿಯಿಂದ ಫೋನ್ ಹಿಡಿದು ಸದ್ದನ್ನು ಮುದ್ರಿಸಿಕೊಂಡಳು, ತಾನೂ ಗಾಡಿ ಹತ್ತಿ ಗ್ಯಾರೇಜಿಗೆ ಬಂದಳು. ಎಲ್ಲರೂ ಸೇರಿದ ಮೇಲೆ ಫೋನನ್ನು ಬಾನೆಟ್ಟಿನ ಮೇಲೆ ಇಟ್ಟು ಆ ಸದ್ದನ್ನು ಕೇಳಿಸಿದಳು. ತೆಳ್ಳಗಿನ ಕಟಕಟ, ಆಮೇಲೆ ಮೌನ, ಆಮೇಲೆ ದೂರದಲ್ಲಿ ವಕೀಲರ ಬೈಗುಳ.

ಸಭೆಗೆ ನಿರಾಸೆಯಾಯಿತು.

"ಭಾವ, ನಿನ್ನಷ್ಟು ಚೆನ್ನಾಗಿಲ್ಲ," ಎಂದ ಬಾಮೈದ.

"ಇದರಲ್ಲಿ ರೋಗಾನೇ ಕಾಣ್ಸಲ್ಲಮ್ಮ," ಎಂದ ಡಾಕ್ಟ್ರು. "ಫೋನು ಕಾಯಿಲೆ ಮುಚ್ಚಿಡುತ್ತೆ. ರೇಡಿಯೋ, ನೀನೇ ಮಾಡಪ್ಪ."

ಹೆಂಡತಿ ಫೋನನ್ನು ಸೆರಗಿಗೆ ಒರೆಸಿ ಎತ್ತಿಕೊಂಡಳು. "ಇನ್ನೊಂದು ಮಾತು. ಈ ಸದ್ದು ಶುರುವಾಗಿದ್ದು ನನ್ನ ತಮ್ಮ ಕೊಟ್ಟ ಆಯಿಲ್ ಫಿಲ್ಟರ್ ಹಾಕ್ಸಿದ ಮೇಲೆ ಅಲ್ವಾ?"

"ಅಕ್ಕಾ, ಅದು ಒರಿಜಿನಲ್ಲು," ಎಂದ ತಮ್ಮ. ಅವನ ಅಂಗಡಿಯಲ್ಲಿ ಒರಿಜಿನಲ್ ಆಗಿದ್ದದ್ದು ಅವನ ಸುಳ್ಳುಗಳು ಮಾತ್ರ.

"ಫಿಲ್ಟರ್ ಒಂದು ಡಬ್ಬಿ ಕಣಮ್ಮ," ಎಂದ ಡಾಕ್ಟ್ರು ಮಗುವಿಗೆ ತಿಳಿಹೇಳುವಂತೆ. "ಡಬ್ಬಿ ಎಲ್ಲಾದ್ರೂ ಹೊಟ್ಟೆಯಿಂದ ಕೂಗುತ್ತಾ?"

ಇಂಜಿನ್ ಇಳಿಸಿದರು. ಬಿಚ್ಚಿದರು. ಬೇರಿಂಗುಗಳು ಮದುವಣಗಿತ್ತಿಯ ಬಳೆಗಳಂತೆ ಹೊಳೆಯುತ್ತಿದ್ದವು. ಡಾಕ್ಟ್ರು ಅವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಸರಿಯಾದ ಹೊತ್ತಿಗೆ ಬಂದಿದೀಯ. ಸವೆಯೋಕೆ ಮುಂಚೇನೇ ಹಿಡಿದ್ವಿ," ಎಂದು ಹೊಸವನ್ನು ಕೂರಿಸಿದ. ರೇಡಿಯೋಗೆ ಕಣ್ಣು ತುಂಬಿ ಬಂತು. ಬಿಚ್ಚಿದ ಇಂಜಿನ್ನಿಗೆ ಹೊಸ ಎಣ್ಣೆ, ತನ್ನ ಕಪಾಟಿನ ಹೊಸ ಫಿಲ್ಟರು ಹಾಕುವುದು ಆ ಗ್ಯಾರೇಜಿನ ವಾಡಿಕೆ. ಬಾಮೈದನ ಡಬ್ಬಿ ಗುಜರಿ ಬಕೆಟ್ಟಿಗೆ ಬಿತ್ತು.

ಆ ಡಬ್ಬಿಯೊಳಗೆ, ನಿಂತ ಗಾಡಿಯ ಎಣ್ಣೆ ಹಿಂದಕ್ಕೆ ಜಾರದಂತೆ ತಡೆಯುವ ಒಂದು ರಬ್ಬರಿನ ಬಿಲ್ಲೆ ಇರಬೇಕಿತ್ತು. ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಎಣ್ಣೆಯೆಲ್ಲ ತಳ ಸೇರುತ್ತಿತ್ತು, ಅದು ಮತ್ತೆ ಮೇಲೇರುವ ತನಕ ಒಣ ಕಬ್ಬಿಣ ಹಲ್ಲು ಕಡಿಯುತ್ತಿತ್ತು. ಅಷ್ಟೇ ಕಾಯಿಲೆ. ಕಾಯಿಲೆಯನ್ನು ಬಕೆಟ್ಟಿಗೆ ಎಸೆದು ಕೀರ್ತಿಯನ್ನು ಬೇರಿಂಗಿಗೆ ಕಟ್ಟಿದರು.

ಬೇಕರಿ ತೆಗೆಯುವ ಮುಂಜಾನೆ ಬಂತು. ಯಜಮಾನಿ ಹಿತ್ತಲ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಎದುರು ಮಹಡಿಯ ಕಿಟಕಿ ಒಂದು ಕಿವಿ ಹಿಡಿಸುವಷ್ಟು ತೆರೆದಿತ್ತು. ಗೇಟಿನಾಚೆ ಹಿಂದಿನ ಬೀದಿಯ ಟೆಂಪೋ, ಸುಮ್ಮನೆ ಆ ಕಡೆ ಬಂದದ್ದು ಎಂಬಂತೆ, ನಿಂತಿತ್ತು. ರೇಡಿಯೋ ಕೀಲಿ ತಿರುಗಿಸಿದ.

ಇಂಜಿನ್ನು ಮಗು ಉಸಿರು ಬಿಟ್ಟ ಹಾಗೆ ಶುರುವಾಯಿತು.

"ಪರವಾಗಿಲ್ಲ ಕಣಯ್ಯ," ಎಂದಳು ಯಜಮಾನಿ. "ತುಂಬ್ಸು." ಒಳಗೆ ಹೋದಳು. ಮಹಡಿಯ ಕಿಟಕಿಯೂ ಮುಚ್ಚಿತು.

ಬ್ರೆಡ್ಡಿನ ಟ್ರೇಗಳನ್ನು ಪಿಕಪ್ಪಿಗೆ ಏರಿಸಿದ ಭಟ್ಟಿಯವನು ಬಾನೆಟ್ಟಿಗೆ ಕಿವಿ ಕೊಟ್ಟು ಬೆರಗಾದ. "ಅಣ್ಣ, ಹಾಗಾದ್ರೆ ಮುಂಚೆ ಹೇಗೆ ಬರ್ತಿತ್ತು ಅದು?"

ಹಿತ್ತಲ ಕಿಟಕಿಯಲ್ಲಿ ಹೆಂಡತಿ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದಳು. ರೇಡಿಯೋಗೆ ಅದು ಚಪ್ಪಾಳೆಯ ಮುನ್ಸೂಚನೆಯಂತೆ ಕಂಡಿತು. ಸಭೆ ನಿಶ್ಶಬ್ದವಾಗಿರಲಿ ಎಂದು ಇಂಜಿನ್ನನ್ನು ಆರಿಸಿದ. ಗಂಟಲು ಸರಿಮಾಡಿಕೊಂಡ. ಆಮೇಲೆ ಕಟಕಟ, ಅದರ ಕೆಳಗೆ ಡಗ್ ಡಗ್, ಕೊನೆಗೆ ಕನ್ನಡಿಯ ಮುಂದೆ ತಿದ್ದಿ ತೀಡಿದ ಆ ನರಳಾಟ, ಎಲ್ಲವನ್ನೂ ಖಾಲಿ ಓಣಿಗೆ ಹೊಟ್ಟೆಯಿಂದ ಕೊಟ್ಟ.

ಮಹಡಿಯ ಕಿಟಕಿ ಗೋಡೆಗೆ ಬಡಿಯುವಂತೆ ತೆರೆಯಿತು.

"ಏನ್ರೀ ಇದು," ಎಂದರು ವಕೀಲರು. "ರಿಪೇರಿ ಮಾಡಿಸಿದ್ದೋ ಕೆಡಿಸಿದ್ದೋ? ಮುಂಚೆಗಿಂತ ಹದಗೆಟ್ಟಿದೆ. ಎಲ್ರೀ ಆ ಹೊಗೆ ಕೊಳವೆ ಕಾಗದ?"

ಯಜಮಾನಿ ಹಿಟ್ಟಿನ ಕೈಯಲ್ಲೇ ಹೊರಬಂದಳು.

"ಅಮ್ಮ, ಗಾಡಿ ಅಲ್ಲ, ನಾನು," ಎಂದ ರೇಡಿಯೋ. "ನನ್ನ ಬಾಯಿ."

"ಬಾಯಿ ಅಂತೆ," ಎಂದರು ಮೇಲಿನಿಂದ ವಕೀಲರು. "ಇಷ್ಟು ದಿನ ಕೇಳಿದೀನಿ, ನಂಗೆ ಗೊತ್ತಾಗಲ್ವಾ? ಮನುಷ್ಯನ ಬಾಯಿಂದ ಬರೋ ಸದ್ದಲ್ಲ ಅದು. ಬೇಕಾದ್ರೆ ಪ್ರಮಾಣ ಮಾಡ್ತೀನಿ."

ರೇಡಿಯೋ ತೆರೆದ ಬಾಯಿ ಮುಚ್ಚಿದ. ಇನ್ನೊಂದು ಮಾತು ವಾದಿಸಿದ್ದರೆ, ಇನ್ನೊಂದು ಸಲ ಮಾಡಿ ತೋರಿಸಿದ್ದರೆ ಬಾಡಿಗೆ ಉಳಿಯುತ್ತಿತ್ತೋ ಏನೋ. ಅವನು ವಾದಿಸಲಿಲ್ಲ. ಪ್ರಮಾಣ ಮಾಡುತ್ತೇನೆ ಎಂದವರನ್ನು ಸುಳ್ಳು ಮಾಡುವ ಮನಸ್ಸಾಗಲಿಲ್ಲ.

"ಗಾಡಿಯಾದ್ರೇನು, ಬಾಯಾದ್ರೇನು," ಎಂದಳು ಯಜಮಾನಿ. "ನಾನು ಹೇಳಿದ್ದು ಸದ್ದು." ಗೇಟಿನ ಕಡೆ ಕೈ ಬೀಸಿದಳು. ಟ್ರೇಗಳು ಒಂದೊಂದಾಗಿ ಪಿಕಪ್ಪಿನಿಂದ ಇಳಿದವು.

ರೇಡಿಯೋ ಹೆಂಡತಿಯ ಕಿಟಕಿಯ ಕೆಳಗೆ ಬಂದು ನಿಂತ. ಅವನ ಮುಖದಲ್ಲಿ ಕೆಲಸ ಕಳೆದುಕೊಂಡವನ ಲಕ್ಷಣವೇ ಇರಲಿಲ್ಲ.

"ಕೇಳಿದ್ಯಾ? ಪ್ರಮಾಣ ಮಾಡ್ತಾರಂತೆ ಕಣೇ. ಅವರಿಗೆ ವ್ಯತ್ಯಾಸಾನೇ ಗೊತ್ತಾಗ್ಲಿಲ್ಲ."

"ನಿನ್ನ ಡಾಕ್ಟ್ರಿಗೂ ಗೊತ್ತಾಗಿರ್ಲಿಲ್ಲ," ಎಂದಳು ಅವಳು. "ಗಾಡಿ ಹಿಂದೆ ತಗೋ. ಟೆಂಪೋದವನಿಗೆ ದಾರಿ ಬೇಕಂತೆ."

ಪಿಕಪ್ಪು ಒಂದಿಷ್ಟೂ ಸದ್ದು ಮಾಡದೆ ಹಿಂದೆ ಸರಿಯಿತು.